ತೆಪ್ಪ ಎಲ್ಲಿ ನಿಲ್ಲುತ್ತದೆ

ಕಾಲುವೆಯ ತಲೆಭಾಗದಲ್ಲಿ ಬಿದಿರಿನದೊಂದು ಪುಟ್ಟ ತೆಪ್ಪವನ್ನು ತೇಲಿಬಿಡುತ್ತಿದ್ದರು. ಅದರ ಮೇಲೆ ಒಂದು ತುಂಡು ಹಳದಿ ಬಟ್ಟೆ. ನೀರುಗಂಟಿ ಜಾಗಟೆ ಬಾರಿಸುತ್ತ ದಂಡೆಯ ಮೇಲೆ ತೆಪ್ಪದ ಜೊತೆಜೊತೆಗೇ ಹೆಜ್ಜೆ ಹಾಕುತ್ತಿದ್ದ. ತೆಪ್ಪ ಸರಾಗವಾಗಿ ಹೋಯಿತೋ, ಸರಿ. ಹೂಳಿಗೋ, ಕಳೆಗೋ, ಕುಸಿದ ದಂಡೆಗೋ ಸಿಕ್ಕಿ ನಿಂತಿತೋ, ಆ ತುಂಡು ಕಾಲುವೆ ಯಾವ ಊರಿನ ಪಾಲಿನದೋ ಆ ಊರಿನವರು ಹಾರೆ, ಗುದ್ದಲಿ ಹಿಡಿದು ಮತ್ತೆ ಬರಬೇಕು. ನಮ್ಮ ಪಾಲಿನ ಕೆಲಸ ಆಗಿದೆ ಎಂದು ವಾದಿಸಿ ಪ್ರಯೋಜನವಿಲ್ಲ. ತೆಪ್ಪಕ್ಕೆ ಯಾರ ಮುಲಾಜೂ ಇಲ್ಲ. ಕಾಲುವೆಯ ಬಾಲದವರೆಗೂ ಅದು ಮುಟ್ಟಿದ ಮೇಲೆ ಹಳದಿ ಬಟ್ಟೆಯನ್ನು ನೀರಿನ ದೈವಕ್ಕೆ ಒಪ್ಪಿಸಿ, ಆಮೇಲೆಯೇ ಗದ್ದೆಗಳಿಗೆ ನೀರು.

ಇದು ಚೀನಾದ ತೀರಾ ದಕ್ಷಿಣದಲ್ಲಿ, ಯುನ್ನಾನ್ ಪ್ರಾಂತ್ಯದ ಸಿಪ್ಸಾಂಗ್ ಪನ್ನಾದಲ್ಲಿ ನಡೆಯುತ್ತಿದ್ದ ಪದ್ಧತಿ. ಈಗಿನ ನಕಾಶೆಗಳಲ್ಲಿ ಶಿಶ್ವಾಂಗ್‌ಬನ್ನಾ ಎಂದಿರುತ್ತದೆ. ಒಂದು ಕಡೆ ಬರ್ಮಾ, ಇನ್ನೊಂದು ಕಡೆ ಲಾವೋಸ್, ನಡುವೆ ಮೆಕಾಂಗ್ ನದಿ. ಚೀನಾದೊಳಗೆ ಅದರ ಹೆಸರು ಲಾನ್‌ಚಾಂಗ್. ಇಲ್ಲಿನ ಬಯಲುಗಳಲ್ಲಿ ಭತ್ತ ಬೆಳೆದುಕೊಂಡು ಬಂದವರು ದಾಯ್ ಜನ. ಇಡೀ ಚೀನಾದಲ್ಲಿ ಈಗ ಅವರ ಸಂಖ್ಯೆ ಸುಮಾರು 13 ಲಕ್ಷ. ಥಾಯ್, ಲಾವೊ, ಬರ್ಮಾದ ಶಾನ್ ಜನರಿಗೆಲ್ಲ ಇವರು ಭಾಷೆಯಿಂದ ದಾಯಾದಿಗಳು. ಸರ್ಕಾರದ ಪಟ್ಟಿಯಲ್ಲಿ ‘ದಾಯ್’ ಅಂತ ಒಂದೇ ಹೆಸರಿದ್ದರೂ ಒಳಗೆ ಹಲವು ಗುಂಪುಗಳಿವೆ. ಸಿಪ್ಸಾಂಗ್ ಪನ್ನಾದವರು ತಾಯ್ ಲೂ, ಪಶ್ಚಿಮದ ದೆಹೋಂಗ್ ಪ್ರಾಂತದವರು ತಾಯ್ ನುವಾ. ಕೆಂಪು ನದಿಯ ಕಡೆಗೆ ಸೊಂಟದಲ್ಲಿ ಬಣ್ಣಬಣ್ಣದ ಕಸೂತಿ ಪಟ್ಟಿ ಸುತ್ತಿಕೊಳ್ಳುವ ದಾಯ್ ಜನರಿದ್ದಾರೆ. ಅವರು ಬೌದ್ಧರೂ ಅಲ್ಲ, ಅವರದು ಬೇರೆಯದೇ ದೈವಗಳ ಲೋಕ. ನಾನು ಹೆಚ್ಚಾಗಿ ಬರೆಯುತ್ತಿರುವುದು ತಾಯ್ ಲೂ ಜನರ ಬಗ್ಗೆ.

ಕಾಲುವೆಯ ವಿಷಯಕ್ಕೆ ಮರಳುತ್ತೇನೆ, ಯಾಕೆಂದರೆ ನನಗೆ ದಾಯ್ ಜನರ ಬಗ್ಗೆ ಕುತೂಹಲ ಹುಟ್ಟಿದ್ದೇ ಅಲ್ಲಿಂದ. ಪ್ರತಿ ದೊಡ್ಡ ಕಾಲುವೆಗೂ ಒಬ್ಬ ಮುಖ್ಯ ನೀರುಗಂಟಿ, ಅವನ ಕೈಕೆಳಗೆ ಇನ್ನೊಬ್ಬ. ಸಾಮಾನ್ಯವಾಗಿ ಒಬ್ಬ ಕಾಲುವೆಯ ತಲೆಯಲ್ಲಿರುವ ಊರಿನವನಾದರೆ ಮತ್ತೊಬ್ಬ ಬಾಲದ ಊರಿನವನು. ನೀರಾವರಿ ಜಗಳ ಕಂಡವರಿಗೆ ಇದರ ಜಾಣತನ ಬಿಡಿಸಿ ಹೇಳಬೇಕಿಲ್ಲ. ಮೇಲಿನ ಊರಿನವನಿಗೆ ನೀರು ಯಾವಾಗಲೂ ಸಿಗುತ್ತದೆ, ಕಾಲುವೆ ಒಡೆದರೂ ಅವನ ನಿದ್ದೆ ಕೆಡುವುದಿಲ್ಲ. ಕೊನೆಯ ಗದ್ದೆಯವನಿಗೆ ಮಾತ್ರ ಪ್ರತಿಯೊಂದು ಸೋರಿಕೆಯೂ ಎದೆಗೆ ಚುಚ್ಚುತ್ತದೆ. ಅವನಿಗೂ ಅಧಿಕಾರದಲ್ಲಿ ಪಾಲು ಕೊಟ್ಟುಬಿಟ್ಟರೆ ಅರ್ಧ ಕಾವಲು ಮುಗಿದಂತೆ. ಗದ್ದೆ ಎಷ್ಟಿದೆ, ಕಾಲುವೆಯಿಂದ ಎಷ್ಟು ದೂರವಿದೆ ಎಂದು ನೋಡಿ, ಪ್ರತಿ ಗದ್ದೆಗೆ ನೀರು ಬಿಡುವ ಬಿದಿರ ಕೊಳವೆಗೆ ತೂತು ಕೊರೆಯುತ್ತಿದ್ದರು. ತೂತು ಎಷ್ಟು ಅಗಲವಿರಬೇಕೆಂದು ಅಳೆಯಲು ಗೆರೆ ಹಾಕಿದ ಒಂದು ಮರದ ಬೆಣೆ ಇತ್ತು, ಒಂದು ತುದಿ ಸಣ್ಣ, ಇನ್ನೊಂದು ದಪ್ಪ. ನಿಮ್ಮ ಪಾಲಿನ ಗೆರೆವರೆಗೆ ಅದು ಒಳಗೆ ಹೋದರೆ ಸರಿ, ಅದಕ್ಕಿಂತ ಮುಂದೆ ಹೋದರೆ ಯಾರೋ ರಾತ್ರಿ ತೂತು ಅಗಲಿಸಿದ್ದಾರೆ ಎಂದರ್ಥ. 1778ರಲ್ಲಿ ಸಿಪ್ಸಾಂಗ್ ಪನ್ನಾದ ರಾಜಧಾನಿ ಜಿಂಗ್‌ಹೋಂಗ್‌ನ ಅರಮನೆಯ ಸಭೆ ಹೊರಡಿಸಿದ ಒಂದು ಆಜ್ಞೆ ಉಳಿದುಬಂದಿದೆ. ಎಲ್ಲ ಊರುಗಳ ನೀರುಗಂಟಿಗಳೂ ಕಾಲುವೆ ನೋಡಿಕೊಂಡು ದುರಸ್ತಿ ಮಾಡಿಸಬೇಕು, ಗದ್ದೆಗಳಿಗೆ ನೀರು ಮುಟ್ಟಬೇಕು ಎಂಬ ಕಟ್ಟಪ್ಪಣೆ ಅದು.

ಆದರೆ ದಾಯ್ ಎಂದರೆ ಜಗತ್ತಿಗೆ ಗೊತ್ತಿರುವುದು ನೀರು ಹಂಚುವವರೆಂದಲ್ಲ, ನೀರು ಎರಚುವವರೆಂದು. ಏಪ್ರಿಲ್ ಮಧ್ಯದಲ್ಲಿ ಬರುವ ಅವರ ಹೊಸ ವರ್ಷ ಚೀನಾದಲ್ಲಿ ‘ನೀರೆರಚುವ ಹಬ್ಬ’ ಎಂದೇ ಪ್ರಸಿದ್ಧಿ. ಲಾನ್‌ಚಾಂಗ್ ನದಿಯಲ್ಲಿ ದೋಣಿ ಸ್ಪರ್ಧೆ, ಬಿದಿರಿನ ಬಾಣಬಿರುಸುಗಳನ್ನು ಆಕಾಶಕ್ಕೆ ಹಾರಿಸುವುದು, ದೇವಸ್ಥಾನದಲ್ಲಿ ಬುದ್ಧನಿಗೆ ಮಜ್ಜನ, ಮರಳಿನ ಗುಡ್ಡೆ ಕಟ್ಟುವುದು, ಕೊನೆಗೆ ಒಬ್ಬರ ಮೇಲೊಬ್ಬರು ನೀರು. ನಮ್ಮ ತುಳುನಾಡಿನ ಕಡೆ ಬಿಸು ಹಬ್ಬದ ಕಣಿ ಇಡುವ ದಿನಗಳೂ ಇವೇ. ಇದು ಆಕಸ್ಮಿಕವಲ್ಲ. ಸೂರ್ಯ ಮೇಷಕ್ಕೆ ಬರುವ ಲೆಕ್ಕ ಭಾರತದಿಂದ ಬರ್ಮಾ ದಾರಿ ಹಿಡಿದು ಅಲ್ಲಿಗೂ ಹೋಗಿದೆ. ಅವರ ಪಂಚಾಂಗದ ಶಕೆ ಆರಂಭವಾಗುವುದು ಕ್ರಿ.ಶ. 638ರಿಂದ, ಬರ್ಮಾದ್ದೂ ಅದೇ. ಅಸ್ಸಾಮಿನ ಬೊಹಾಗ್ ಬಿಹು, ಥಾಯ್ಲೆಂಡಿನ ಹೊಸ ವರ್ಷ, ಬಿಸು ಎಲ್ಲ ಒಂದೇ ಸೌರ ಲೆಕ್ಕದ ಮಕ್ಕಳು.

ಹಬ್ಬದ ಹಿಂದಿನ ಕಥೆ ಸ್ವಲ್ಪ ಭಯಂಕರವಾಗಿದೆ. ಒಬ್ಬ ರಕ್ಕಸ ಅರಸ, ಬೆಂಕಿಗೂ ನೀರಿಗೂ ಆಯುಧಕ್ಕೂ ಸಾಯದವನು, ಏಳು ಹುಡುಗಿಯರನ್ನು ಹೊತ್ತು ತಂದು ಮನೆಯಲ್ಲಿಟ್ಟುಕೊಂಡಿದ್ದ. ಕಿರಿಯವಳು ಅವನಿಗೆ ಚೆನ್ನಾಗಿ ಕುಡಿಸಿ, ಹೊಗಳಿ, ಗುಟ್ಟು ಬಿಡಿಸಿದಳು: ಅವನದೇ ತಲೆಕೂದಲು ಅವನ ಕುತ್ತಿಗೆಗೆ ಬಿಗಿದರೆ ಮಾತ್ರ ಅವನಿಗೆ ಸಾವು. ಭಸ್ಮಾಸುರ ತನ್ನ ಕೈಯನ್ನೇ ತಲೆ ಮೇಲಿಟ್ಟುಕೊಂಡ ಹಾಗೆಯೇ ಇವನೂ ತನ್ನ ಕೂದಲಿಗೇ ಬಲಿಯಾದ. ಅಲ್ಲಿಗೆ ಮುಗಿಯಲಿಲ್ಲ. ಕತ್ತರಿಸಿದ ತಲೆ ನೆಲಕ್ಕೆ ಬಿದ್ದಲ್ಲೆಲ್ಲ ಬೆಂಕಿ ಎದ್ದಿತು. ಹಾಗಾಗಿ ಏಳೂ ಹುಡುಗಿಯರು ಸರದಿಯ ಮೇಲೆ ಆ ತಲೆಯನ್ನು ತೊಡೆಯ ಮೇಲೆ ಹಿಡಿದುಕೊಂಡು ಕೂತರು, ಸರದಿ ಬದಲಾಗುವಾಗ ಉಳಿದವರು ನೀರೆರೆದು ಅವಳ ಮೈಮೇಲಿನ ರಕ್ತ ತೊಳೆದರು. ಹಬ್ಬದ ನೀರು ಆ ನೀರು. ನಗುನಗುತ್ತ ಬಕೆಟ್ ಹಿಡಿದು ಓಡುವ ಪ್ರವಾಸಿಗರಿಗೆ ಈ ಕಥೆಯನ್ನು ಯಾರಾದರೂ ಹೇಳುತ್ತಾರೋ ಇಲ್ಲವೋ.

ಹಬ್ಬಕ್ಕೆ ದೇಶಮಟ್ಟದ ಹೆಸರು ಬಂದದ್ದರಲ್ಲಿ ರಾಜಕೀಯದ ಪಾಲೂ ಇದೆ. 1961ರ ಏಪ್ರಿಲ್‌ನಲ್ಲಿ ಪ್ರಧಾನಿ ಚೌ ಎನ್‌ಲಾಯ್ ದಾಯ್ ಉಡುಪು ತೊಟ್ಟು ಜಿಂಗ್‌ಹೋಂಗ್‌ನಲ್ಲಿ ಜನರ ಜೊತೆ ನೀರಾಟವಾಡಿದರು. ಬರ್ಮಾದ ಪ್ರಧಾನಿ ಊ ನು ಜೊತೆ ಮಾತುಕತೆಗೆಂದು ಬಂದಿದ್ದ ಸಂದರ್ಭ ಅದು. ಆ ದೃಶ್ಯದ ಪ್ರತಿಮೆ ಈಗಲೂ ಜಿಂಗ್‌ಹೋಂಗ್‌ನಲ್ಲಿದೆ. 2006ರಲ್ಲಿ ಹಬ್ಬ ರಾಷ್ಟ್ರೀಯ ಪರಂಪರೆಯ ಪಟ್ಟಿಗೂ ಸೇರಿತು. ಈಗ ಗಾನ್‌ಲಾನ್‌ಬಾ ಎಂಬಲ್ಲಿ ನದಿದಂಡೆಯ ಐದು ದಾಯ್ ಊರುಗಳನ್ನೇ ಸೇರಿಸಿ ಮಾಡಿರುವ ಒಂದು ಪ್ರವಾಸಿ ‘ಉದ್ಯಾನ’ವಿದೆ. ಟಿಕೆಟ್ ಕೊಂಡು ಒಳಗೆ ಹೋಗಬೇಕು. ಅಲ್ಲಿ ವರ್ಷಕ್ಕೊಮ್ಮೆ ಬರುವ ಹಬ್ಬ ದಿನವೂ ಬರುತ್ತದೆ. ಗಂಟೆ ಹೊಡೆದಂತೆ ಮಧ್ಯಾಹ್ನದ ಹೊತ್ತಿಗೆ ರೇಷ್ಮೆ ಲುಂಗಿಯುಟ್ಟ ಹುಡುಗಿಯರು ಕಾರಂಜಿಯ ಸುತ್ತ ಸಾಲಾಗಿ ನಿಂತು ನೀರೆರಚುತ್ತಾರೆ, ಧ್ವನಿವರ್ಧಕದಲ್ಲಿ ಹಾಡು.

ಇದನ್ನು ನೋಡಿ ಮೂಗು ಮುರಿಯುವುದು ಸುಲಭ. ನಾನೂ ಮುರಿಯುತ್ತಿದ್ದೆನೇನೋ. ಆದರೆ ಅಲ್ಲಿನ ಮನೆಗಳು ನಿಜವಾದ ಮನೆಗಳು. ಕಂಬಗಳ ಮೇಲೆ ನಿಂತ ಮರದ ಅಟ್ಟದ ಮನೆ, ಕಡಿದಾದ ಇಳಿಜಾರಿನ ಹಂಚು, ಕೆಳಗೆ ಹಿಂದೆಲ್ಲ ದನ, ಸೌದೆ, ಮಗ್ಗ ಇರುತ್ತಿದ್ದ ಜಾಗದಲ್ಲಿ ಈಗ ಸ್ಕೂಟರು. ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು ಮೇಲೆ ಹೋದರೆ ಊಟ ಕೊಡುತ್ತಾರೆ: ಹಬೆಯಲ್ಲಿ ಬೇಯಿಸಿದ ಅಂಟಕ್ಕಿ ಅನ್ನ, ಮಜ್ಜಿಗೆ ಹುಲ್ಲಿನ ದಂಟು ಸುತ್ತಿ ಕೆಂಡದ ಮೇಲೆ ಸುಟ್ಟ ಮೀನು, ಟೊಮೆಟೊ ಮೆಣಸು ಸುಟ್ಟು ಕುಟ್ಟಿದ ಗೊಜ್ಜು. ನದಿಯ ಕಲ್ಲುಗಳ ಮೇಲೆ ಬೆಳೆಯುವ ಹಸಿರು ಪಾಚಿಯನ್ನು ಎಳೆದು ತಂದು, ತೊಳೆದು, ಹಪ್ಪಳದಂತೆ ತೆಳುವಾಗಿ ಒಣಗಿಸಿ, ಎಣ್ಣೆಯಲ್ಲಿ ಕರಿದು ಕೊಡುತ್ತಾರೆ. ಉಪ್ಪು ಬೇಡ ಅನ್ನಿಸುವಷ್ಟು ರುಚಿ. ಹಬ್ಬ ನಾಟಕವಾಗಿದೆ, ಹೌದು. ಆದರೆ ಆ ನಾಟಕದ ಟಿಕೆಟ್ಟಿನಿಂದ ಅಟ್ಟದ ಮನೆ ಉಳಿದಿದೆ. ಅಕ್ಕಪಕ್ಕದ ಎಷ್ಟೋ ಊರುಗಳಲ್ಲಿ ಅದು ಕಾಂಕ್ರೀಟಾಗಿ ಹೋಗಿದೆ.

ಇತಿಹಾಸ ಹೇಳುವಾಗ ‘ನೀರಿನಂತೆ ಮೃದು ಜನ’ ಎಂಬ ಪ್ರವಾಸೋದ್ಯಮದ ಮಾತನ್ನು ನಂಬಬಾರದು. ಇದು ಒಂದು ರಾಜ್ಯವಾಗಿತ್ತು. 12ನೇ ಶತಮಾನದ ಕೊನೆಯಲ್ಲಿ ಫಾಯಾ ಚೆಂಗ್ ಎಂಬವನು ಸ್ಥಾಪಿಸಿದನೆಂದು ಅವರ ಬಖೈರುಗಳು ಹೇಳುತ್ತವೆ. ಅರಸನ ಬಿರುದು ‘ಭೂಮಿಯ ಒಡೆಯ’. ಎಲ್ಲ ನೆಲ, ನೀರು ಅವನದು. ಊರುಗಳು ಗದ್ದೆಯನ್ನು ಒಟ್ಟಾಗಿ ಹಿಡಿದು ತಮ್ಮೊಳಗೆ ಹಂಚಿಕೊಂಡು, ಬದಲಿಗೆ ಅವನಿಗೆ ಕಂದಾಯವನ್ನೂ ಬಿಟ್ಟಿ ದುಡಿಮೆಯನ್ನೂ ಕೊಡಬೇಕು. ಮೂಲ ಒಕ್ಕಲುಗಳೇ ಬೇರೆ, ಅರಮನೆಯ ಆಳುಗಳಾಗಿ ಬಂದವರ ಊರುಗಳೇ ಬೇರೆ. ಸುತ್ತಲ ಗುಡ್ಡಗಳಲ್ಲಿದ್ದ ಹಾನಿ, ಬುಲಾಂಗ್, ಜೀನುವೊ ಜನರು ಬಯಲಿನ ಈ ಒಡೆಯರಿಗೆ ಕಪ್ಪ ತರುತ್ತಿದ್ದರು. ಆ ನೀರುಗಂಟಿಯ ಬೆಣೆ ನ್ಯಾಯವಾಗಿ ಅಳೆಯುತ್ತಿದ್ದದ್ದು ಗದ್ದೆಯಿದ್ದವರ ನಡುವಿನ ನ್ಯಾಯವನ್ನು ಮಾತ್ರ. ಗುಡ್ಡದವರ ಲೆಕ್ಕ ಅದರ ಗೆರೆಗಳಲ್ಲಿ ಇರಲಿಲ್ಲ.

ಒಡೆಯನಿಗೂ ಮೇಲೆ ಒಡೆಯರಿದ್ದರು. ಚೀನಾದ ಚಕ್ರವರ್ತಿ ಮುದ್ರೆ ಕೊಟ್ಟು ತನ್ನ ಅಧಿಕಾರಿಯೆಂದು ಬರೆದುಕೊಂಡ. 16ನೇ ಶತಮಾನದಲ್ಲಿ ಬರ್ಮಾದ ಅರಸ ತನ್ನ ರಾಜಕುಮಾರಿಯನ್ನು ಕೊಟ್ಟ. ರಾಜ್ಯವನ್ನು ಹನ್ನೆರಡು ಪನ್ನಾಗಳಾಗಿ, ಅಂದರೆ ಕಂದಾಯದ ಘಟಕಗಳಾಗಿ ವಿಂಗಡಿಸಿದ್ದೂ ಅದೇ ಕಾಲದ ಕಪ್ಪದ ಲೆಕ್ಕಕ್ಕಾಗಿ. ‘ಚೀನಾ ಅಪ್ಪ, ಬರ್ಮಾ ಅಮ್ಮ’ ಎಂಬುದು ಅಲ್ಲಿನ ಹಳೆಯ ನುಡಿ. ಕೇಳಲು ಮುದ್ದಾಗಿದೆ, ಆದರೆ ಇಬ್ಬರ ನಡುವೆ ಸಿಕ್ಕಿಕೊಂಡ ಮಗುವಿನ ಮಾತು. ಕೊನೆಯ ಅರಸ ದಾವ್ ಶೀಶೂನ್ 1928ರಲ್ಲಿ ಹುಟ್ಟಿದವರು. ಕಮ್ಯುನಿಸ್ಟ್ ಸರ್ಕಾರ ಬಂದ ಮೇಲೆ ಪಟ್ಟ ಹೋಯಿತು. ಅವರು ಯುನ್ನಾನ್ ರಾಜಧಾನಿ ಕುನ್ಮಿಂಗ್‌ನಲ್ಲಿ ದಾಯ್ ಭಾಷೆಯ ಮತ್ತು ಹಳೆಯ ದಾಖಲೆಗಳ ಸಂಶೋಧಕರಾಗಿ ಕೆಲಸ ಮಾಡಿಕೊಂಡು 2017ರವರೆಗೆ ಬದುಕಿದರು. ತನ್ನದೇ ವಂಶದ ಕಾಗದಪತ್ರಗಳನ್ನು ವಿದ್ವಾಂಸನಾಗಿ ಓದುತ್ತ ಕೂರುವುದು ಎಂಥ ಅನುಭವವಿದ್ದೀತು ಎಂದು ನಾನು ಹಲವು ಸಲ ಯೋಚಿಸಿದ್ದೇನೆ.

ಇಲ್ಲೊಂದು ಭಾರತದ ಎಳೆ ಇದೆ. ದೆಹೋಂಗ್ ಕಡೆಯ ದಾಯ್ ಜನರ ಹಳೆಯ ರಾಜ್ಯ ಮೊಂಗ್ ಮಾವ್. 13ನೇ ಶತಮಾನದಲ್ಲಿ ಆ ಕಡೆಯಿಂದ ಸುಕಾಫಾ ಎಂಬ ರಾಜಕುಮಾರ ತನ್ನ ಪರಿವಾರದೊಂದಿಗೆ ಹೊರಟು, ಪಟ್ಕಾಯ್ ಬೆಟ್ಟ ದಾಟಿ, 1228ರಲ್ಲಿ ಬ್ರಹ್ಮಪುತ್ರಾ ಕಣಿವೆಗೆ ಇಳಿದ ಎಂಬುದು ಪರಂಪರೆ. ಅವನು ಕಟ್ಟಿದ ಅಹೋಮ್ ರಾಜ್ಯ ಸುಮಾರು ಆರುನೂರು ವರ್ಷ ಬಾಳಿತು. 1671ರಲ್ಲಿ ಸರಾಯ್‌ಘಾಟ್‌ನಲ್ಲಿ ಮೊಘಲರ ಸೈನ್ಯವನ್ನು ತಡೆದ ಲಾಚಿತ್ ಬೊರ್ಫುಕನ್ ಹೆಸರು ನಮ್ಮ ಶಾಲಾ ಮಕ್ಕಳಿಗೂ ಗೊತ್ತು. ಅವನ ಪೂರ್ವಿಕರ ಮಾತು ದಾಯ್ ಮಾತಿನ ಒಡಹುಟ್ಟು ಎಂಬುದು ಅಷ್ಟಾಗಿ ಗೊತ್ತಿಲ್ಲ. ಕೆಸರುಗದ್ದೆ ಮಾಡಿ, ಬದು ಕಟ್ಟಿ, ನೀರು ನಿಲ್ಲಿಸಿ ಭತ್ತ ಬೆಳೆಯುವ ವಿದ್ಯೆಯನ್ನು ಅಹೋಮರು ಕಣಿವೆಯ ಉದ್ದಕ್ಕೂ ಹರಡಿದರು. ಮಾತು ಮಾತ್ರ ಅಸ್ಸಾಮಿಯಲ್ಲಿ ಕರಗಿತು, ಬುರಂಜಿ ಎಂಬ ಬಖೈರುಗಳಲ್ಲಿ ಉಳಿಯಿತು.

ಈಗ ಓಲೆಗರಿ. ಸಿಪ್ಸಾಂಗ್ ಪನ್ನಾದ ಮೆಂಗ್‌ಲುನ್‌ನಲ್ಲಿ ಒಂದು ಸೊಗಸಾದ ಸಸ್ಯೋದ್ಯಾನವಿದೆ, 1959ರಲ್ಲಿ ಸಸ್ಯವಿಜ್ಞಾನಿ ಸಾಯ್ ಶೀತಾವ್ ಶುರುಮಾಡಿದ್ದು. ಅಲ್ಲಿ ಒಂದು ಮರದ ಮುಂದೆ ನಾನು ತುಂಬ ಹೊತ್ತು ನಿಂತೆ, ಯಾಕೆಂದರೆ ಅದು ಶ್ರೀತಾಳೆ. ಮೂಡುಬಿದಿರೆಯ ಬಸದಿಯಲ್ಲಿ ಧವಲಾ ಗ್ರಂಥಗಳನ್ನು ಹಳೆಯ ಕನ್ನಡ ಲಿಪಿಯಲ್ಲಿ ಬರೆದಿಟ್ಟದ್ದು ಇದೇ ಮರದ ಗರಿಯ ಮೇಲೆ. ದಕ್ಷಿಣ ಭಾರತ ಮತ್ತು ಸಿಂಹಳದ ಈ ಮರ ಬೌದ್ಧಧರ್ಮದ ಜೊತೆಗೆ ಅಷ್ಟು ದೂರ ಹೋಗಿದೆ. ಅಲ್ಲಿ ಗರಿಯನ್ನು ಹುಳಿಹಣ್ಣು ಹಾಕಿ ಕುದಿಸಿ, ಉಜ್ಜಿ ತೊಳೆದು, ಒಣಗಿಸಿ, ಎರಡು ಹಲಗೆಗಳ ನಡುವೆ ಬಿಗಿದು ಚಪ್ಪಟೆ ಮಾಡುತ್ತಾರೆ. ಮಸಿ ಹಚ್ಚಿದ ದಾರ ಎಳೆದು ಬಿಟ್ಟರೆ ಗೆರೆ ಬೀಳುತ್ತದೆ. ಮೊಣಕಾಲಿನ ಮೇಲೆ ಗರಿ ಇಟ್ಟುಕೊಂಡು ಕಬ್ಬಿಣದ ಕಂಟದಿಂದ ಕೊರೆಯುತ್ತಾರೆ. ಕೊರೆಯುವಾಗ ಅಕ್ಷರ ಕಾಣುವುದೇ ಇಲ್ಲ, ಬಿಳಿಯ ಮೇಲೆ ಬಿಳಿ ಗೀರು. ಕೊನೆಗೆ ಎಣ್ಣೆಯಲ್ಲಿ ಕಲಸಿದ ಕಾಡಿಗೆ ಸವರಿ ಬಟ್ಟೆಯಿಂದ ಒರೆಸಿದಾಗ ಗೀರಿನೊಳಗೆ ಕಪ್ಪು ಉಳಿದು, ಗುಂಡುಗುಂಡಾದ ಸಾಲುಗಳು ಒಮ್ಮೆಲೇ ಎದ್ದು ಬರುತ್ತವೆ. ಆ ಗುಂಡು ಅಕ್ಷರಗಳಿಗೂ ನಮ್ಮ ಗುಂಡು ಅಕ್ಷರಗಳಿಗೂ ಬ್ರಾಹ್ಮಿಯೇ ಮುತ್ತಜ್ಜಿ.

ಗರಿಗಳಲ್ಲಿ ಪಾಲಿ ಸೂತ್ರಗಳಿವೆ, ಮದ್ದಿನ ಪುಸ್ತಕಗಳಿವೆ, ಕಾನೂನಿದೆ, ಜ್ಯೋತಿಷವಿದೆ. ರಾಮಾಯಣವೂ ಇದೆ, ಆದರೆ ಹೆಸರು ರಾಮನದ್ದಲ್ಲ. ‘ಲಂಗಾ ಸಿಪ್ ಹೋ’ ಎಂದರೆ ಲಂಕೆಯ ಹತ್ತು ತಲೆಯವನು. ಇನ್ನೊಂದು ಕಥೆ ಸುಧನ ಮತ್ತು ಮನೋಹರೆಯದ್ದು. ಸಂಸ್ಕೃತದ ದಿವ್ಯಾವದಾನದಲ್ಲಿ ಅವಳು ಕಿನ್ನರಿ, ದಾಯ್ ಜನರಲ್ಲಿ ನವಿಲು ರಾಜಕುಮಾರಿ. ಗಂಡ ಯುದ್ಧಕ್ಕೆ ಹೋದಾಗ ಅರಮನೆಯ ಜೋಯಿಸ ಅವಳನ್ನು ಬಲಿ ಕೊಡಿ ಎನ್ನುತ್ತಾನೆ. ಸಾಯುವ ಮುಂಚೆ ಒಮ್ಮೆ ನನ್ನ ಗರಿಯುಡುಗೆ ತೊಟ್ಟು ಕುಣಿಯುತ್ತೇನೆ ಎಂದು ಬೇಡಿಕೊಂಡು, ಕುಣಿಯುತ್ತ ಕುಣಿಯುತ್ತಲೇ ಹಾರಿಹೋಗುತ್ತಾಳೆ. ಚೀನಾದ ವೇದಿಕೆಗಳಲ್ಲೆಲ್ಲ ಹೆಣ್ಣುಮಕ್ಕಳು ಆಡುವ ನವಿಲು ಕುಣಿತವನ್ನು ಹಿಂದೆ ಆಡುತ್ತಿದ್ದವರು ಗಂಡಸರು, ಮುಖವಾಡ ತೊಟ್ಟು, ಬೆನ್ನಿಗೆ ಭಾರದ ರೆಕ್ಕೆಯ ಚೌಕಟ್ಟು ಕಟ್ಟಿಕೊಂಡು.

ಓದು ಕಲಿಯುತ್ತಿದ್ದದ್ದು ದೇವಸ್ಥಾನದಲ್ಲಿ. ಗಂಡು ಹುಡುಗರು ಚಿಕ್ಕ ವಯಸ್ಸಿನಲ್ಲೇ ತಲೆ ಬೋಳಿಸಿಕೊಂಡು ಮರಿಭಿಕ್ಷುಗಳಾಗಿ ಸೇರಿ, ಕೆಲವು ವರ್ಷ ಅಕ್ಷರ, ಸೂತ್ರ ಕಲಿತು ಮನೆಗೆ ಮರಳುತ್ತಿದ್ದರು. ಭಿಕ್ಷುವಾಗದ ಗಂಡಿಗೆ ‘ಹಸಿಯ’ ಎಂಬಷ್ಟೇ ಬೆಲೆ. ಹೆಸರೂ ಆಗ ಬದಲಾಗುತ್ತಿತ್ತು. ಮಕ್ಕಳಾದ ಮೇಲೆ ಇನ್ನೊಮ್ಮೆ ಬದಲಾಗಿ ‘ಇಂಥವನ ಅಪ್ಪ’, ‘ಇಂಥವಳ ಅಮ್ಮ’ ಎಂದು ಕರೆಯುವ ರೂಢಿ. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ದೇವಸ್ಥಾನಗಳನ್ನು ಮುಚ್ಚಿಸಿದರು, ವಿಗ್ರಹ ಒಡೆದರು, ಓಲೆಗಳನ್ನು ರಾಶಿ ಹಾಕಿ ಸುಟ್ಟರು. ಹಲವು ಭಿಕ್ಷುಗಳು ಗಡಿ ದಾಟಿದರು. 1980ರ ದಶಕದಲ್ಲಿ ಮತ್ತೆ ಬಾಗಿಲು ತೆರೆದಾಗ ಪುಸ್ತಕಗಳೂ ಗುರುಗಳೂ ಬರ್ಮಾ, ಲಾವೋಸ್, ಥಾಯ್ಲೆಂಡಿನ ಬಂಧುಗಳಿಂದ ಬರಬೇಕಾಯಿತು. ಗಡಿಗಳು ಬಂದದ್ದು ನಿನ್ನೆ ಮೊನ್ನೆ, ನೆಂಟಸ್ತಿಕೆ ಹಳೆಯದು.

ದೇವಸ್ಥಾನದ ಅಂಗಳದಲ್ಲಿ ‘ಐದು ಮರ, ಆರು ಹೂ’ ಇರಬೇಕೆಂಬ ನಿಯಮವಿದೆ. ಪಟ್ಟಿ ಊರಿಂದೂರಿಗೆ ಕೊಂಚ ಬದಲಾದರೂ ಅಶ್ವತ್ಥ, ಶ್ರೀತಾಳೆ, ಅಡಿಕೆ, ಕಮಲ, ಸಂಪಿಗೆ, ದೇವಕಣಗಿಲೆ ಸಾಮಾನ್ಯ. ಊರ ಹಿಂದಿನ ಒಂದು ಗುಡ್ಡವನ್ನು ದೈವದ ಕಾಡೆಂದು ಮುಟ್ಟದೆ ಬಿಡುತ್ತಿದ್ದರು. ಅಲ್ಲಿ ಕಡಿಯುವಂತಿಲ್ಲ, ಬೇಟೆ ಇಲ್ಲ. ಹಾಗಾದರೆ ಒಲೆಗೆ? ಅದಕ್ಕೆಂದೇ ಊರ ಸುತ್ತ ಸೀಮೆ ತಂಗಡಿ ನೆಡುತ್ತಿದ್ದರು. ಬೊಡ್ಡೆ ಉಳಿಸಿ ಕೊಂಬೆ ಕಡಿದರೆ ಕೆಲವೇ ವರ್ಷದಲ್ಲಿ ಮತ್ತೆ ಸೌದೆ ಸಿದ್ಧ. ಹೀಗೆ ಒಲೆ ತೋಟದ ಸೌದೆಯಲ್ಲಿ ಉರಿಯಿತು, ಗುಡ್ಡದ ಕಾಡು ನೀರು ಹಿಡಿದಿಟ್ಟುಕೊಂಡಿತು, ಆ ನೀರೇ ಕಾಲುವೆಗೆ ಬಂತು. ಕಾಡಿಲ್ಲದಿದ್ದರೆ ನೀರಿಲ್ಲ, ನೀರಿಲ್ಲದಿದ್ದರೆ ಗದ್ದೆಯಿಲ್ಲ, ಗದ್ದೆಯಿಲ್ಲದಿದ್ದರೆ ಅನ್ನವಿಲ್ಲ ಎಂದು ದಾಯ್ ಗಾದೆ ಸರಪಳಿಯಂತೆ ಸಾಗುತ್ತದೆ.

ಸರಪಳಿ ಕಡಿದದ್ದು ರಬ್ಬರ್. 1950ರ ದಶಕದಲ್ಲಿ, ಕೊರಿಯಾ ಯುದ್ಧದ ಸಮಯದ ವ್ಯಾಪಾರ ನಿರ್ಬಂಧದಿಂದ ರಬ್ಬರ್ ಸಿಗದೆ ಹೋದಾಗ, ಚೀನಾ ತನ್ನಲ್ಲಿದ್ದ ಅಷ್ಟಿಷ್ಟು ಉಷ್ಣವಲಯದ ನೆಲದಲ್ಲೆಲ್ಲ ಅದನ್ನು ಬೆಳೆಯಲು ಹೊರಟಿತು. ಸರ್ಕಾರಿ ತೋಟಗಳು ಬಂದವು, ಒಳನಾಡಿನಿಂದ ಕೂಲಿಗಳು ಬಂದರು, ಆಮೇಲೆ ಶಾಂಘೈ, ಬೀಜಿಂಗ್‌ನ ಓದಿದ ಹುಡುಗ ಹುಡುಗಿಯರನ್ನು ತಂದು ಗುಡ್ಡ ಕಡಿಸಿದರು. 1978ರ ಕೊನೆಯಲ್ಲಿ ಅವರು ಮುಷ್ಕರ ಹೂಡಿ ಊರಿಗೆ ಹೋದರು, ರಬ್ಬರ್ ಉಳಿಯಿತು. ಬೆಲೆ ಏರಿದ ವರ್ಷಗಳಲ್ಲಿ ದಾಯ್ ರೈತರೇ ಗುಡ್ಡ ಏರಿ ನೆಟ್ಟರು. 2010ರ ಹೊತ್ತಿಗೆ ಸಿಪ್ಸಾಂಗ್ ಪನ್ನಾದ ನೆಲದ ಐದನೇ ಒಂದು ಭಾಗಕ್ಕಿಂತ ಹೆಚ್ಚು ರಬ್ಬರ್. ತೊರೆಗಳು ಬತ್ತಿದ ಊರುಗಳಲ್ಲಿ ಈ ಮರಕ್ಕೆ ‘ನೀರಿನ ಪಂಪು’ ಎಂಬ ಅಡ್ಡಹೆಸರು. 2021ರಲ್ಲಿ ಇಡೀ ಜಗತ್ತು ಫೋನಿನಲ್ಲಿ ನೋಡಿದ, ಕುನ್ಮಿಂಗ್‌ವರೆಗೂ ನಡೆದುಹೋದ ಆನೆಗಳ ಹಿಂಡು ಹೊರಟದ್ದು ಈ ಜಿಲ್ಲೆಯಿಂದಲೇ. ಸುಳ್ಯ, ಕಡಬದ ಕಡೆ ರಬ್ಬರ್ ಹಾಲಿನ ದುಡ್ಡಿನಲ್ಲಿ ಮಕ್ಕಳನ್ನು ಓದಿಸಿದ ಎಷ್ಟೋ ಮನೆಗಳು ನನಗೆ ಗೊತ್ತು. ಆದ್ದರಿಂದ ದಾಯ್ ರೈತನಿಗೆ ಬುದ್ಧಿ ಹೇಳುವ ಬಾಯಿ ನನಗಿಲ್ಲ. ಅಟ್ಟದ ಮನೆಗೆ ಫ್ರಿಜ್ಜು ಬಂದದ್ದು, ಹುಡುಗಿ ಕಾಲೇಜಿಗೆ ಹೋದದ್ದು ಆ ದುಡ್ಡಿನಿಂದ. ಆದರೆ ಭತ್ತದ ಗದ್ದೆಯನ್ನು ಬಾಳೆ ಬೆಳೆಯುವ ಗುತ್ತಿಗೆದಾರರಿಗೆ ಕೊಟ್ಟು, ಅಕ್ಕಿ ಅಂಗಡಿಯಿಂದ ತರುವ ಊರಿಗೆ ನೀರುಗಂಟಿ ಯಾಕೆ ಬೇಕು? ತೆಪ್ಪ ತೇಲಿಬಿಡುವವರು ಯಾರು?

ಲಿಪಿಯ ಕಥೆ ಇದಕ್ಕಿಂತ ಗೋಜಲು. ಕಲಿಯಲು ಸುಲಭವಾಗಲಿ ಎಂದು 1950ರ ದಶಕದಲ್ಲಿ ಹಳೆಯ ಲಿಪಿಯನ್ನು ಸರಳಗೊಳಿಸಿ ‘ಹೊಸ ತಾಯ್ ಲೂ’ ಮಾಡಿದರು. 1980ರ ದಶಕದಲ್ಲಿ ಹಳೆಯದಕ್ಕೇ ಮರಳೋಣ ಎಂದರು, 1990ರ ದಶಕದಲ್ಲಿ ಮತ್ತೆ ಹೊಸದಕ್ಕೆ ಹೋದರು. ಪರಿಣಾಮ ಊಹಿಸಬಹುದು. ಶಾಲೆಯಲ್ಲಿ ಹೊಸ ಲಿಪಿ ಕಲಿತವನಿಗೆ ತಾತ ಬರೆದ ಓಲೆ ಓದಲಾಗುವುದಿಲ್ಲ. ದೇವಸ್ಥಾನದಲ್ಲಿ ಕಲಿತವನಿಗೆ ಊರ ಪತ್ರಿಕೆ ತಡವರಿಕೆ. ಬಹಳಷ್ಟು ಹುಡುಗರಿಗೆ ಎರಡೂ ಬಾರದು, ಚೀನೀ ಅಕ್ಷರವೇ ಗತಿ. ಜಿಂಗ್‌ಹೋಂಗ್‌ನ ಪ್ರತಿ ಅಂಗಡಿಯ ಫಲಕದಲ್ಲೂ ಚೀನೀ ಅಕ್ಷರಗಳ ಜೊತೆ ದಾಯ್ ಅಕ್ಷರವಿದೆ. ಫಲಕದ ಕೆಳಗೆ ಚಹಾ ಮಾರುತ್ತಿದ್ದ ದಾಯ್ ಯುವಕನನ್ನು ಅದರಲ್ಲಿ ಏನು ಬರೆದಿದೆ ಎಂದು ಕೇಳಿದೆ. ನಕ್ಕು, ಒಳಗೆ ಹೋಗಿ ಅಜ್ಜನನ್ನು ಕರೆದುಕೊಂಡು ಬಂದ. ಅಜ್ಜ ಕನ್ನಡಕ ಏರಿಸಿ ನೋಡಿ, ಹೊಸ ಲಿಪಿ ತನಗೂ ಅಷ್ಟಕ್ಕಷ್ಟೇ ಎಂದರು. ಆಮೇಲೆ ಮೊಮ್ಮಗನ ಫೋನ್ ಇಸಿದುಕೊಂಡು, ಬೀಸಣಿಗೆಯಿಂದ ಮುಖ ಮರೆಮಾಡಿಕೊಂಡು ಕೊಳಲಿನ ಜೊತೆ ಹಾಡುವ ಗಾಯಕಿಯೊಬ್ಬಳ ರೆಕಾರ್ಡಿಂಗ್ ಹಾಕಿದರು. ಗೃಹಪ್ರವೇಶಗಳಲ್ಲಿ, ಮದುವೆಗಳಲ್ಲಿ ರಾತ್ರಿಯಿಡೀ ಹಾಡುವ ಚಾಂಗ್‌ಖಾಪ್ ಗಾಯಕರ ಪೈಕಿ ಅವಳು. ಹಾಡು ಯಾವುದು ಎಂದು ಕೇಳಿದ್ದಕ್ಕೆ ಮೊಮ್ಮಗ ಅನುವಾದಿಸಿದ: ಮನೆ ಕಟ್ಟಿದವರ ಹೆಸರು, ಮರ ಕೊಟ್ಟವರ ಹೆಸರು, ಅಕ್ಕಿ ತಂದವರ ಹೆಸರು, ಒಂದೊಂದಾಗಿ. ಅಷ್ಟರಲ್ಲಿ ಗಿರಾಕಿಗಳು ಬಂದರು, ಅವನು ಚಹಾ ತೂಗಲು ಎದ್ದ.